ಕಳಚದ ವೇಷ: ಕನ್ನಡ ಕಥನಗಳಲ್ಲಿ ಸೋಗು ಮತ್ತು ದಾಂಪತ್ಯ

1

ಸಂಸಾರವನ್ನು ಕೆಡಿಸುವುದು ಜಗಳ ಎಂಬುದು ಲೋಕರೂಢಿಯ ತಿಳಿವಳಿಕೆ. ಆದರೆ ‘ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ’ ಎಂಬ ಗಾದೆ ಈ ತಿಳಿವಳಿಕೆಯನ್ನು ಪೂರ್ಣವಾಗಿ ಒಪ್ಪುವುದಿಲ್ಲ. ಜಗಳಕ್ಕೆ ಅದು ಒಂದು ಗಡುವನ್ನು ಗೊತ್ತುಪಡಿಸುತ್ತದೆ. ಗಡುವು ತೀರಿದ ಬಳಿಕ ಗಂಡ ಹೆಂಡಿರಿಬ್ಬರೂ ತಮ್ಮ ಸಹಜ ಸ್ಥಿತಿಗೆ ಮರಳುವರೆಂಬ ನಂಬಿಕೆ ಆ ಗಾದೆಯ ಹಿಂದಿದೆ. ಹಾಗಾದರೆ ಗಡುವಿಲ್ಲದೆ, ಸದ್ದಿಲ್ಲದೆ ದಾಂಪತ್ಯವನ್ನು ಸವೆಸುವ ಸಂಗತಿ ಯಾವುದು? ಕನ್ನಡದ ಕಥನ ಪರಂಪರೆ ಈ ಪ್ರಶ್ನೆಗೆ ಮತ್ತೆ ಮತ್ತೆ ಕೊಟ್ಟಿರುವ ಉತ್ತರಗಳಲ್ಲಿ ‘ಸೋಗು’ ಮುಖ್ಯವಾದುದು. ಪ್ರೀತಿಯಿಲ್ಲದಲ್ಲಿ ಪ್ರೀತಿಯನ್ನು, ನಿದ್ರೆಯಿಲ್ಲದಲ್ಲಿ ನಿದ್ರೆಯನ್ನು, ನೆಮ್ಮದಿಯಿಲ್ಲದಲ್ಲಿ ನೆಮ್ಮದಿಯನ್ನು ನಟಿಸುವ ಗಂಡ ಹೆಂಡಿರು ನಮ್ಮ ಕಾವ್ಯ, ಕಾದಂಬರಿ, ನಾಟಕಗಳಲ್ಲಿ ವಿರಳವಲ್ಲ.

ಭಾರತೀಯ ಕಾವ್ಯಮೀಮಾಂಸೆ ಈ ಸ್ಥಿತಿಯನ್ನು ಬಹು ಹಿಂದೆಯೇ ಗುರುತಿಸಿದೆ. ಭರತನು ಹೇಳುವ ಮೂವತ್ತಮೂರು ವ್ಯಭಿಚಾರಿ ಭಾವಗಳಲ್ಲಿ ‘ಅವಹಿತ್ಥ’ವೂ ಒಂದು. ಲಜ್ಜೆ, ಭಯ, ಗೌರವ ಮೊದಲಾದ ಕಾರಣಗಳಿಂದ ಒಳಗಿನ ಭಾವವು ಹೊರಗೆ ಕಾಣದಂತೆ ಮರೆಮಾಡುವುದೇ ಅವಹಿತ್ಥ. ಇಲ್ಲಿ ಗಮನಿಸಬೇಕಾದ ಅಂಶವೆಂದರೆ, ಮೀಮಾಂಸಕರು ಇದನ್ನು ಸಂಚಾರಿಗಳ ಸಾಲಿನಲ್ಲಿ ಇರಿಸಿದ್ದಾರೆ. ಬಂದು ಹೋಗುವುದು ಅದರ ಲಕ್ಷಣ. ನಲ್ಲನೆದುರು ನಾಚಿಕೆಯನ್ನು ಮರೆಸಿಕೊಳ್ಳುವ ನಾಯಕಿ ಸ್ವಲ್ಪ ಹೊತ್ತಿನ ಬಳಿಕ ತನ್ನ ಮನಸ್ಸನ್ನು ತೋರಿಯೇ ತೋರುತ್ತಾಳೆ. ಮರೆಸುವಿಕೆಯು ಶೃಂಗಾರವನ್ನು ಪೋಷಿಸುವುದು ಅದು ಕ್ಷಣಿಕವಾಗಿರುವುದರಿಂದಲೇ. ಬಂದುಹೋಗಬೇಕಾದ ಈ ಭಾವವು ಮನೆಯಲ್ಲಿ ನೆಲೆಯೂರಿ ಸ್ಥಾಯಿಯಾದರೆ ದಾಂಪತ್ಯಕ್ಕೆ ಏನಾಗುತ್ತದೆ? ಪ್ರಸ್ತುತ ಲೇಖನವು ಈ ಪ್ರಶ್ನೆಯನ್ನು ನಾಲ್ಕು ಕೃತಿಗಳ ಮೂಲಕ ಪರಿಶೀಲಿಸುತ್ತದೆ. ಕುಮಾರವ್ಯಾಸನ ವಿರಾಟಪರ್ವ, ಜನ್ನನ ‘ಯಶೋಧರ ಚರಿತೆ’, ತ್ರಿವೇಣಿಯವರ ‘ಶರಪಂಜರ’ ಹಾಗೂ ಗಿರೀಶ ಕಾರ್ನಾಡರ ‘ನಾಗಮಂಡಲ’ ಆ ನಾಲ್ಕು ಕೃತಿಗಳು. ಪರಿಶೀಲನೆಗೆ ಬೇಕಾದ ಮಾನದಂಡವನ್ನು ತುಮಕೂರು ಜಿಲ್ಲೆಯ ಮಧುಗಿರಿ, ಸಿರಾ, ಕೊರಟಗೆರೆ, ಪಾವಗಡ ತಾಲ್ಲೂಕುಗಳ ಪರಿಸರಕ್ಕೆ ಪರಿಚಿತವಾದ ಬಯಲಾಟದ ರಂಗದಿಂದ ಪಡೆಯಲಾಗಿದೆ.

2

ಇಂದು ಮಧುಗಿರಿ ಶೈಕ್ಷಣಿಕ ಜಿಲ್ಲೆಯೆಂದು ಒಟ್ಟುಗೂಡಿಸಲಾಗಿರುವ ಈ ನಾಲ್ಕು ತಾಲ್ಲೂಕುಗಳು ಬಯಲುಸೀಮೆಗೆ ಸೇರಿದವು. ಮಳೆಯನ್ನೇ ನೆಚ್ಚಿದ ಬೇಸಾಯ, ಮರುಕಳಿಸುವ ಬರ, ಪಾವಗಡದ ಕಡೆ ಕನ್ನಡದೊಡನೆ ಹಾಸುಹೊಕ್ಕಾಗಿರುವ ತೆಲುಗು, ಊರೂರಿನ ಮಾರಮ್ಮನ ಪರಿಷೆಗಳು ಇಲ್ಲಿನ ಸಾಂಸ್ಕೃತಿಕ ಚಹರೆಗಳು. ತುಮಕೂರು ಜಿಲ್ಲೆಯು ಮೂಡಲಪಾಯ ಬಯಲಾಟದ ಮುಖ್ಯ ನೆಲೆಗಳಲ್ಲಿ ಒಂದು. ಜಿಲ್ಲೆಯ ಗುಬ್ಬಿಯಲ್ಲಿ 1884ರಲ್ಲಿ ಹುಟ್ಟಿದ ಚನ್ನಬಸವೇಶ್ವರ ನಾಟಕ ಕಂಪನಿಯು ವೃತ್ತಿರಂಗಭೂಮಿಯ ಅಭಿರುಚಿಯನ್ನೂ ಸುತ್ತಣ ಸೀಮೆಗೆ ಹಬ್ಬಿಸಿತು. ಹಾರ್ಮೋನಿಯಂ ಮೇಷ್ಟ್ರ ಕೈಯಲ್ಲಿ ಪಳಗಿ ಪೌರಾಣಿಕ ನಾಟಕವಾಡುವ ಹಳ್ಳಿಯ ತಂಡಗಳು ಈ ಸೀಮೆಗೆ ಹೊಸವಲ್ಲ. ವೇಷವೆಂದರೇನು ಎಂಬುದನ್ನು ಇಲ್ಲಿನ ಪ್ರೇಕ್ಷಕ ಪುಸ್ತಕದಿಂದ ಕಲಿಯಬೇಕಾದ ಅಗತ್ಯವಿಲ್ಲ.

ಬಯಲಾಟದ ವೇಷಕ್ಕೆ ತನ್ನದೇ ಆದ ಕಟ್ಟುಪಾಡುಗಳಿವೆ. ರಂಗಕ್ಕೆ ಬಂದ ಪಾತ್ರವನ್ನು ಸಾರಥಿಯೋ ಭಾಗವತನೋ ತಡೆದು, ನೀವು ಯಾರು, ಎಲ್ಲಿಯವರು, ಬಂದ ಕಾರಣವೇನು ಎಂದು ವಿಚಾರಿಸುತ್ತಾನೆ. ಪಾತ್ರಧಾರಿಯು ತನ್ನ ಹೆಸರು ಹೇಳಿಕೊಂಡ ನಂತರವೇ ಆಟ ಮುಂದುವರಿಯುತ್ತದೆ. ಹಗಲು ಹೊಲದಲ್ಲಿ ಕಂಡ ಮನುಷ್ಯನೇ ರಾತ್ರಿ ದ್ರೌಪದಿಯಾಗಿ ನಿಂತಿದ್ದಾನೆ ಎಂಬುದು ನೆರೆದವರಿಗೆಲ್ಲ ಗೊತ್ತು. ಗೊತ್ತಿದ್ದೂ ಅವರು ಅವನನ್ನು ದ್ರೌಪದಿಯೆಂದು ಒಪ್ಪುತ್ತಾರೆ. ಇದು ಮೊದಲನೆಯ ಕಟ್ಟುಪಾಡು. ಇದನ್ನು ‘ಅರಿವು’ ಎನ್ನಬಹುದು. ಎರಡನೆಯದು ‘ಅವಧಿ’. ಬೆಳಗಾಗುವ ಹೊತ್ತಿಗೆ ಮಂಗಳ ಹಾಡಿದರೆ ಆಟ ಮುಗಿಯಿತು. ಆ ಮೇಲೆ ಯಾರೂ ರಾಜನಲ್ಲ, ಯಾರೂ ರಕ್ಕಸನಲ್ಲ. ಮೂರನೆಯದು ‘ಅಧಿಕಾರ’. ಕಿರೀಟ ಬಿಚ್ಚುವ ಹಕ್ಕು ಅದನ್ನು ತೊಟ್ಟವನದೇ. ಬಣ್ಣದ ಮನೆಗೆ ಹೋಗಿ ಮುಖ ತೊಳೆದುಕೊಳ್ಳಲು ಅವನು ಇನ್ನೊಬ್ಬರ ಅಪ್ಪಣೆಗೆ ಕಾಯಬೇಕಾಗಿಲ್ಲ.

ಸಮಾಜಶಾಸ್ತ್ರಜ್ಞ ಅರ್ವಿಂಗ್ ಗಾಫ್‌ಮನ್ 1959ರಲ್ಲಿ ವಿಸ್ತೃತ ರೂಪದಲ್ಲಿ ಹೊರಬಂದ ತನ್ನ ಪ್ರಸಿದ್ಧ ಗ್ರಂಥದಲ್ಲಿ ದೈನಂದಿನ ಬದುಕನ್ನು ರಂಗಕ್ಕೆ ಹೋಲಿಸಿ, ಮನುಷ್ಯನಿಗೆ ಮುಂರಂಗವೂ ಹಿಂರಂಗವೂ ಇವೆ ಎಂದು ವಿವರಿಸಿದ್ದಾನೆ. ಮುಂರಂಗದಲ್ಲಿ ಇತರರಿಗಾಗಿ ಪಾತ್ರ ವಹಿಸುವ ವ್ಯಕ್ತಿಯು ಹಿಂರಂಗದಲ್ಲಿ ಅದನ್ನು ಸಡಿಲಿಸುತ್ತಾನೆ. ಸಾಮಾನ್ಯ ಗ್ರಹಿಕೆಯಲ್ಲಿ ಮದುವೆಯಾದವರಿಗೆ ಮನೆಯೇ ಹಿಂರಂಗ. ಅಂದರೆ ಲೋಕಕ್ಕಾಗಿ ತೊಟ್ಟ ವೇಷವನ್ನು ಕಳಚಿಡುವ ಜಾಗ. ಆ ಜಾಗವೇ ರಂಗಸ್ಥಳವಾದಾಗ ಬಣ್ಣ ತೊಳೆಯಲು ಇನ್ನೊಂದು ಮನೆ ಉಳಿಯುವುದಿಲ್ಲ. ಆದ್ದರಿಂದ ಪ್ರತಿಯೊಂದು ಕೃತಿಗೂ ಮೂರು ಪ್ರಶ್ನೆಗಳನ್ನು ಹಾಕಬಹುದು. ವೇಷದ ವಿಷಯ ಯಾರಿಗೆ ಗೊತ್ತು? ಅದು ಎಷ್ಟು ಕಾಲದ್ದು? ಅದನ್ನು ಕಳಚುವ ಹಕ್ಕು ಯಾರದು? ಇಲ್ಲಿ ಕೃತಿಗಳನ್ನು ಕಾಲಾನುಕ್ರಮದಲ್ಲಿ ಇರಿಸಿಲ್ಲ. ಈ ಮೂರು ಕಟ್ಟುಪಾಡುಗಳು ಒಂದೊಂದಾಗಿ ಸಡಿಲಗೊಳ್ಳುವ ಕ್ರಮದಲ್ಲಿ ಇರಿಸಲಾಗಿದೆ.

3

ಮಳೆ ಹಿಂದೆಗೆದ ವರ್ಷ ದೇವಸ್ಥಾನದಲ್ಲಿ ವಿರಾಟಪರ್ವವನ್ನು ಓದಿಸುವ ರೂಢಿ ಕನ್ನಡ ನಾಡಿನ ಹಳ್ಳಿಗಳಲ್ಲಿ ಬಹು ಕಾಲದಿಂದ ಇದೆ. ಬರದ ಸೀಮೆಗಳಲ್ಲಿ ಇಂಥ ಓದಿಗೆ ಇರುವ ಮಹತ್ವವನ್ನು ಬೇರೆ ಹೇಳಬೇಕಾಗಿಲ್ಲ. ಮಳೆಗಾಗಿ ಕೇಳುವ ಈ ಕಥೆಯು ತನ್ನ ಒಡಲಲ್ಲಿ ವೇಷ ತೊಟ್ಟ ದಾಂಪತ್ಯವೊಂದರ ಕಥೆಯೂ ಹೌದು ಎಂಬುದರ ಕಡೆಗೆ ಗಮನ ಹರಿದಿರುವುದು ಕಡಿಮೆ.

ಧರ್ಮರಾಜ ಕಂಕನಾಗಿ, ಭೀಮ ವಲಲನಾಗಿ, ಅರ್ಜುನ ಬೃಹನ್ನಳೆಯಾಗಿ, ದ್ರೌಪದಿ ಸೈರಂಧ್ರಿಯಾಗಿ ವಿರಾಟನ ಊರು ಸೇರುತ್ತಾರೆ. ಇಲ್ಲಿ ಅರಿವು ಇದೆ. ಗಂಡ ಹೆಂಡಿರೆಲ್ಲರಿಗೂ ವೇಷದ ವಿಷಯ ಗೊತ್ತು. ಗೊತ್ತಿಲ್ಲದಿರುವುದು ಹೊರಗಿನವರಿಗೆ ಮಾತ್ರ. ಅವಧಿಯೂ ಒಂದು ವರ್ಷವೆಂದು ಗೊತ್ತಾಗಿದೆ. ಆದರೆ ಮೂರನೆಯ ಕಟ್ಟುಪಾಡು ಮುರಿದಿದೆ. ಅವಧಿ ಮುಗಿಯುವ ಮೊದಲು ಗುರುತು ಸಿಕ್ಕರೆ ಮತ್ತೆ ವನವಾಸ. ಹೀಗಾಗಿ ಕಳಚುವ ಹಕ್ಕು ತೊಟ್ಟವರ ಕೈಯಲ್ಲಿಲ್ಲ. ಕೀಚಕನು ತುಂಬಿದ ಸಭೆಯಲ್ಲಿ ದ್ರೌಪದಿಯನ್ನು ಒದೆಯುವಾಗ ಈ ಕೊರತೆಯ ಬೆಲೆ ಏನೆಂಬುದು ತಿಳಿಯುತ್ತದೆ. ಗಂಡಂದಿರು ಅಲ್ಲಿಯೇ ಇದ್ದಾರೆ. ಆದರೆ ಕಂಕನಿಗೂ ವಲಲನಿಗೂ ಸೈರಂಧ್ರಿ ಏನೂ ಆಗಬೇಕಾದವಳಲ್ಲ. ಪಾತ್ರವನ್ನು ಉಳಿಸಿಕೊಳ್ಳುವುದಕ್ಕಾಗಿ ಧರ್ಮರಾಜನು ಭೀಮನನ್ನು ತಡೆಯುತ್ತಾನೆ; ಗಂಡನಾಗಿರುವುದನ್ನು ತಾನೂ ತಡೆದುಕೊಳ್ಳುತ್ತಾನೆ.

ಅಷ್ಟಾದರೂ ಈ ದಾಂಪತ್ಯ ಏಕೆ ಉಳಿಯಿತು? ಉತ್ತರವು ಮುಂದಿನ ರಾತ್ರಿಯ ಸನ್ನಿವೇಶದಲ್ಲಿದೆ. ದ್ರೌಪದಿ ಎಲ್ಲರೂ ಮಲಗಿದ ಮೇಲೆ ಭೀಮನಿರುವ ಅಡುಗೆಯ ಮನೆಗೆ ಹೋಗಿ ಅವನನ್ನು ಎಬ್ಬಿಸುತ್ತಾಳೆ. ಕುಮಾರವ್ಯಾಸನ ಭೀಮ ಕೂಡಲೇ ಎದ್ದು ಗದೆ ಹಿಡಿಯುವುದಿಲ್ಲ; ಅಣ್ಣನಿಗೆ ಹೇಳು, ಉಳಿದವರಿಗೆ ಹೇಳು ಎಂದು ಮುನಿಸು ತೋರುತ್ತಾನೆ. ದ್ರೌಪದಿಯೂ ಬಿಡುವುದಿಲ್ಲ, ಐವರ ಗಂಡಸುತನವನ್ನೇ ಪ್ರಶ್ನಿಸುತ್ತಾಳೆ. ಇಲ್ಲಿ ಮಾತನಾಡುತ್ತಿರುವವರು ಸೈರಂಧ್ರಿಯೂ ವಲಲನೂ ಅಲ್ಲವೆಂಬುದು ಮಹತ್ವದ ಸಂಗತಿ. ಹೊಗೆ ಹಿಡಿದ ಆ ಅಡುಗೆಮನೆಯೇ ಆ ರಾತ್ರಿಯ ಮಟ್ಟಿಗೆ ಅವರ ಬಣ್ಣದ ಮನೆ. ಅಲ್ಲಿ ಹೆಂಡತಿ ಬೈಯಬಹುದು, ಗಂಡ ಸಿಡುಕಬಹುದು, ಇಬ್ಬರೂ ಅಳಬಹುದು. ಮರುರಾತ್ರಿ ನಾಟ್ಯಶಾಲೆಯಲ್ಲಿ ಭೀಮ ತೊಡುವ ಹೆಣ್ಣುವೇಷವು ಈ ಮಾತುಕತೆಯಿಂದ ಹುಟ್ಟಿದ್ದು. ಅದು ಹೆಂಡತಿಯೊಡನೆ ಸೇರಿ ಹೂಡಿದ ವೇಷ. ಇಬ್ಬರೂ ಅರಿತು ತೊಟ್ಟ ವೇಷ ದಾಂಪತ್ಯವನ್ನು ಕಾಯಬಲ್ಲದು, ವೇಷದ ನೆಪದಲ್ಲಿ ಉಳಿಸಿಕೊಂಡ ಮೌನ ಅದನ್ನು ಕೊಲ್ಲಬಲ್ಲದು ಎಂಬ ವಿವೇಕವನ್ನು ಈ ಎರಡು ಸನ್ನಿವೇಶಗಳ ನಡುವಿನ ಅಂತರವು ಕಾಣಿಸುತ್ತದೆ.

4

ವಿರಾಟಪರ್ವದಲ್ಲಿದ್ದ ಈ ಅಡುಗೆಮನೆಯ ಮಾತುಕತೆ ಇಲ್ಲದೆ ಹೋದರೆ ಆಗುವ ಅನಾಹುತವನ್ನು ಜನ್ನನ ‘ಯಶೋಧರ ಚರಿತೆ’ (ಕ್ರಿ.ಶ. 1209) ಚಿತ್ರಿಸುತ್ತದೆ. ಸೋಮದೇವಸೂರಿಯ ‘ಯಶಸ್ತಿಲಕ’ (ಕ್ರಿ.ಶ. 959), ವಾದಿರಾಜನ ಸಂಸ್ಕೃತ ಕಾವ್ಯ ಮೊದಲಾದವುಗಳ ಮೂಲಕ ಬಂದ ಜೈನ ಕಥೆಯನ್ನು ಜನ್ನ ಕನ್ನಡಕ್ಕೆ ಒಗ್ಗಿಸಿದ. ಪಾವಗಡ ತಾಲ್ಲೂಕಿನ ನಿಡುಗಲ್ಲು ನಿಡುಗಲ್ ಚೋಳರ ನೆಲೆಯಾಗಿದ್ದ ಕಾಲವೂ ಇದೇ. ಆ ಬೆಟ್ಟದಲ್ಲಿ 1232ರಲ್ಲಿ ಪಾರ್ಶ್ವಜಿನನ ಬಸದಿಯೊಂದು ನಿರ್ಮಾಣವಾದುದನ್ನು ಶಾಸನ ತಿಳಿಸುತ್ತದೆ. ಒಂದು ಕಡೆ ಜಿನಬಸದಿ, ಇನ್ನೊಂದು ಕಡೆ ಬಲಿ ಬೇಡುವ ಮಾರಿ, ಇವೆರಡೂ ಅಕ್ಕಪಕ್ಕದಲ್ಲಿದ್ದ ಲೋಕವೇ ‘ಯಶೋಧರ ಚರಿತೆ’ಯ ಲೋಕವೂ ಆಗಿದೆ.

ಕಥೆ ಸುಪರಿಚಿತ. ಉಜ್ಜಯಿನಿಯ ಅರಸ ಯಶೋಧರನ ರಾಣಿ ಅಮೃತಮತಿಯು ಅಷ್ಟವಂಕನೆಂಬ ಮಾವುತನ ಹಾಡಿಗೆ ಸೋತು ಅವನನ್ನು ಕೂಡುತ್ತಾಳೆ. ಕಾವ್ಯವನ್ನು ಸಾಮಾನ್ಯವಾಗಿ ಹೆಣ್ಣಿನ ಚಂಚಲತೆಗೆ, ಮನಸಿಜನ ಮಾಯೆಗೆ, ವಿಧಿಯ ವಿಲಾಸಕ್ಕೆ ನಿದರ್ಶನವಾಗಿ ಓದಲಾಗಿದೆ. ಸೋಗಿನ ದೃಷ್ಟಿಯಿಂದ ಓದಿದರೆ ಬೇರೊಂದು ವಿನ್ಯಾಸ ಗೋಚರಿಸುತ್ತದೆ. ಒಬ್ಬಳ ಸೋಗಿಗೆ ಇನ್ನೊಬ್ಬನ ಸೋಗು ಉತ್ತರವಾಗುತ್ತ, ಕೊನೆಗೆ ಸೋಗುಗಳ ಸರಪಳಿಯೇ ಅರಮನೆಯನ್ನು ಸುತ್ತಿಕೊಳ್ಳುತ್ತದೆ.

ಮೊದಲನೆಯದು ಅಮೃತಮತಿಯದು. ಅರಸನ ತೋಳಿನಲ್ಲಿ ಪ್ರಿಯಪತ್ನಿಯಾಗಿದ್ದು, ಅವನು ನಿದ್ರಿಸಿದನೆಂದು ತಿಳಿದು ಅವಳು ಎದ್ದು ಹೋಗುತ್ತಾಳೆ. ಎರಡನೆಯದು ಯಶೋಧರನದು. ಅವನು ಹಿಂಬಾಲಿಸಿ ಹೋಗಿ ಎಲ್ಲವನ್ನೂ ಕಾಣುತ್ತಾನೆ. ತಡವಾಗಿ ಬಂದಳೆಂದು ಮಾವುತನು ಅವಳನ್ನು ಹೊಡೆಯುವುದನ್ನೂ, ಅವಳು ಅವನನ್ನೇ ಬೇಡಿಕೊಳ್ಳುವುದನ್ನೂ ಕಾಣುತ್ತಾನೆ. ಎತ್ತಿದ ಕತ್ತಿಯನ್ನು ತಡೆದು, ಮರಳಿ ಬಂದು, ಏನೂ ಅರಿಯದವನಂತೆ ಹಾಸಿಗೆಯಲ್ಲಿ ಮಲಗುತ್ತಾನೆ. ಕತ್ತಿಯನ್ನು ತಡೆದುದು ವಿವೇಕ. ಅದನ್ನು ಕಾವ್ಯವೂ ಮೆಚ್ಚುತ್ತದೆ. ಆದರೆ ಕತ್ತಿಯೊಡನೆ ಮಾತನ್ನೂ ತಡೆದುದು ವಿವೇಕವೇ ಎಂಬ ಪ್ರಶ್ನೆ ಉಳಿಯುತ್ತದೆ. ಆ ರಾತ್ರಿ ಒಂದೇ ಹಾಸಿಗೆಯಲ್ಲಿ ಇಬ್ಬರು ನಟರಿದ್ದಾರೆ. ಅವಳ ನಟನೆ ಅವನಿಗೆ ಗೊತ್ತು. ಅವನ ನಟನೆ ಅವಳಿಗೆ ಗೊತ್ತಿಲ್ಲ.

ಮೂರನೆಯ ಸೋಗು ಸರಸದ್ದು. ಮರುದಿನ ಅರಸನು ವಿನೋದವೆಂಬಂತೆ ರಾಣಿಯನ್ನು ನೆಯ್ದಿಲ ಹೂವಿನಿಂದ ಹೊಡೆಯುತ್ತಾನೆ. ಅವಳು ಮೂರ್ಛೆ ಹೋಗುತ್ತಾಳೆ. ಮಾವುತನ ಪೆಟ್ಟನ್ನು ತಾಳಿಕೊಂಡವಳು ಹೂವಿನ ಪೆಟ್ಟಿಗೆ ಬೀಳುವುದು ಕಾವ್ಯದ ಕಟುವಾದ ವ್ಯಂಗ್ಯ. ಅರಸನು ಆಡುವ ಸಂತಾಪದ ಮಾತಿಗೆ ಎರಡು ಅರ್ಥಗಳಿದ್ದು, ಒಂದು ಅವಳಿಗೆ, ಇನ್ನೊಂದು ಅವನಿಗೇ. ಗಂಡ ಹೆಂಡಿರ ನಡುವೆ ಮಾತು ಉಳಿದಿದೆ. ಆದರೆ ಅದು ಇಬ್ಬರಿಗೂ ಸೇರಿದ ಮಾತಾಗಿ ಉಳಿದಿಲ್ಲ. ದಾಂಪತ್ಯದ ಸವೆತಕ್ಕೆ ಇದಕ್ಕಿಂತ ನಿಖರವಾದ ಚಿತ್ರ ದೊರೆಯುವುದು ಕಷ್ಟ.

ನಾಲ್ಕನೆಯದು ಮಗನ ಸೋಗು. ತನ್ನ ದುಗುಡದ ಕಾರಣವನ್ನು ತಾಯಿ ಚಂದ್ರಮತಿ ಕೇಳಿದಾಗ ಯಶೋಧರನು ಕಂಡುದನ್ನು ಕನಸೆಂದು ಹೇಳುತ್ತಾನೆ. ತಾಯಿ ಅದನ್ನು ನಂಬಿ, ಕೆಟ್ಟ ಕನಸಿನ ಶಾಂತಿಗೆ ದೇವಿಗೆ ಬಲಿ ಕೊಡಬೇಕೆನ್ನುತ್ತಾಳೆ. ಜೀವಹಿಂಸೆಗೆ ಒಪ್ಪದ ಮಗ, ತಾಯಿಯ ಮಾತನ್ನು ಮೀರಲಾರದೆ, ಹಿಟ್ಟಿನ ಕೋಳಿಯನ್ನು ಬಲಿ ಕೊಡಲು ಒಪ್ಪುತ್ತಾನೆ. ಇದು ಐದನೆಯದು, ಬಲಿಯ ಸೋಗು. ಆದರೆ ಬೆಂತರವೊಂದು ಹೊಕ್ಕಿದ್ದ ಆ ಹಿಟ್ಟಿನ ಕೋಳಿ ಕತ್ತಿ ತಾಗಿದೊಡನೆ ಕೂಗುತ್ತದೆ. ಕೊನೆಯ ಸೋಗು ಮತ್ತೆ ಅಮೃತಮತಿಯದು. ರಾಜ್ಯವನ್ನು ಮಗನಿಗೆ ಒಪ್ಪಿಸಿ ತಪಸ್ಸಿಗೆ ಹೊರಟ ಗಂಡನನ್ನೂ ಅತ್ತೆಯನ್ನೂ ಅವಳು ಅಕ್ಕರೆಯಿಂದಲೆಂಬಂತೆ ಊಟಕ್ಕೆ ಕರೆದು ವಿಷದ ಲಡ್ಡುಗೆಯನ್ನು ಬಡಿಸುತ್ತಾಳೆ.

ಈ ಸರಪಳಿಯಲ್ಲಿ ಹಿಟ್ಟಿನ ಕೋಳಿಯ ಸನ್ನಿವೇಶವನ್ನು ಸಂಕಲ್ಪಹಿಂಸೆಯ ತತ್ತ್ವಕ್ಕೆ ಉದಾಹರಣೆಯಾಗಿ ಮಾತ್ರ ನೋಡುವುದು ವಾಡಿಕೆ. ಕೊಲ್ಲುವ ಭಾವವಿದ್ದರೆ ಸಾಕು, ಕೊಂದ ಪಾಪ ಅಂಟುತ್ತದೆ ಎಂಬುದು ಆ ತತ್ತ್ವ. ಜಾನುವಾರಿನ ಬದಲು ಕುಂಬಳಕಾಯಿ ಒಡೆಯುವುದನ್ನು ಕಂಡಿರುವ, ಮಧುಗಿರಿಯ ದಂಡಿನ ಮಾರಮ್ಮನಂಥ ದೇವತೆಗಳ ಪರಿಷೆಯನ್ನು ಬಲ್ಲ ಓದುಗನಿಗೆ ಬದಲಿ ಬಲಿಯ ಈ ತರ್ಕ ಸುಲಭವಾಗಿ ಮನದಟ್ಟಾಗುತ್ತದೆ. ಆದರೆ ಅದೇ ತತ್ತ್ವವನ್ನು ಕಾವ್ಯದ ದಾಂಪತ್ಯಕ್ಕೂ ಅನ್ವಯಿಸಬಹುದು. ನಟಿಸಿದ ಬಲಿ ನಿಜವಾದ ಬಲಿಯ ಫಲವನ್ನು ಕೊಡುವುದಾದರೆ, ನಟಿಸಿದ ನಿದ್ರೆ, ನಟಿಸಿದ ಸರಸ, ನಟಿಸಿದ ಕನಸುಗಳೂ ಫಲ ಕೊಡದೆ ಇರಲಾರವು. ಸೋಗು ಹುಸಿಯಾದರೂ ಅದರ ಫಲ ಹುಸಿಯಲ್ಲ. ಹಿಟ್ಟಿನ ಕೋಳಿಯ ಕೂಗು ಇಡೀ ಅರಮನೆಯ ಸೋಗುಗಳ ಮೇಲೆ ಎದ್ದ ಕೂಗು.

ಹೀಗೆ ಓದಿದಾಗ ಅಮೃತಮತಿಯ ಕೊಲೆಪಾತಕ ಹಗುರವಾಗುವುದಿಲ್ಲ. ಆದರೆ ದಾಂಪತ್ಯ ಅಳಿದುದರ ಹೊಣೆ ಒಬ್ಬಳ ಮೇಲೆಯೇ ನಿಲ್ಲುವುದೂ ಇಲ್ಲ. ಕಾರ್ನಾಡರು ‘ಹಿಟ್ಟಿನ ಹುಂಜ’ (1980) ನಾಟಕದಲ್ಲಿ ಈ ಕಥೆಯನ್ನು ಮರಳಿ ಕಟ್ಟುವಾಗ ಅಹಿಂಸೆಯ ಪಕ್ಷದಲ್ಲಿ ರಾಣಿಯನ್ನು ನಿಲ್ಲಿಸಿದುದನ್ನು ಇಲ್ಲಿ ನೆನೆಯಬಹುದು. ಸೋಗಿನ ಬಲಿಯೂ ಬಲಿಯೇ ಎಂಬ ಪ್ರಶ್ನೆ ಅಲ್ಲಿ ಗಂಡ ಹೆಂಡಿರ ನಡುವಿನ ಪ್ರಶ್ನೆಯಾಗುತ್ತದೆ.

5

ಜನ್ನನ ಅರಮನೆಯಲ್ಲಿ ಇಬ್ಬರೂ ನಟರು. ತ್ರಿವೇಣಿಯವರ (1928-1963) ‘ಶರಪಂಜರ’ದ ಮಧ್ಯಮವರ್ಗದ ಮನೆಯಲ್ಲಿ ಪರಿಸ್ಥಿತಿ ಇನ್ನಷ್ಟು ಜಟಿಲ. 1971ರಲ್ಲಿ ಪುಟ್ಟಣ್ಣ ಕಣಗಾಲರ ನಿರ್ದೇಶನದ ಚಲನಚಿತ್ರವಾಗಿ ಇನ್ನಷ್ಟು ಜನಪ್ರಿಯವಾದ ಈ ಕಾದಂಬರಿಯ ನಾಯಕಿ ಕಾವೇರಿ ಹೆರಿಗೆಯ ನಂತರ ಮಾನಸಿಕ ಅಸ್ವಾಸ್ಥ್ಯಕ್ಕೆ ಒಳಗಾಗುತ್ತಾಳೆ. ಆ ಸ್ಥಿತಿಯಲ್ಲಿ ಮದುವೆಗೆ ಮುಂಚಿನ ತನ್ನ ಬದುಕಿನ ರಹಸ್ಯವೊಂದನ್ನು ಹೊರಗೆಡಹುತ್ತಾಳೆ. ಚಿಕಿತ್ಸೆ ಪಡೆದು, ಗುಣವಾಗಿ, ಪತಿ ಸತೀಶನ ಮನೆಗೆ ಹಿಂದಿರುಗುತ್ತಾಳೆ. ಕಾದಂಬರಿಯ ನಿಜವಾದ ದುರಂತ ಆರಂಭವಾಗುವುದು ಗುಣವಾದ ಮೇಲೆಯೇ.

ಮನೆಯವರು ಅವಳನ್ನು ಗುಣವಾದವಳಂತೆ ನಡೆಸಿಕೊಳ್ಳುವ ಸೋಗು ಹಾಕುತ್ತಾರೆ. ಕಣ್ಣುಗಳು ಮಾತ್ರ ಹುಚ್ಚಿನ ಗುರುತನ್ನು ಹುಡುಕುತ್ತಿರುತ್ತವೆ. ಗಂಡನು ಗಂಡನಂತೆ ಇರುವ ಸೋಗು ಹಾಕುತ್ತಾನೆ; ಅವನ ಒಲವು ಬೇರೆಡೆಗೆ ಹೊರಳಿದೆ. ಇವೆರಡರ ನಡುವೆ ಕಾವೇರಿಗೆ ಮೂರನೆಯದೊಂದು ಪಾತ್ರ ಹೊರಿಸಲಾಗಿದೆ. ಅವಳು ‘ಸ್ವಸ್ಥೆ’ಯ ಪಾತ್ರವನ್ನು ವಹಿಸಬೇಕು. ನಿಜವಾಗಿಯೂ ಸ್ವಸ್ಥಳಾಗಿರುವವಳು ಸ್ವಸ್ಥತೆಯನ್ನು ನಟಿಸಿ ತೋರಿಸಬೇಕಾದ ವಿಪರ್ಯಾಸ ಇದು. ಜೋರಾಗಿ ನಕ್ಕರೆ ಹುಚ್ಚು, ಅತ್ತರೆ ಹುಚ್ಚು, ಸಿಟ್ಟಾದರೆ ಇನ್ನೂ ಹೆಚ್ಚಿನ ಹುಚ್ಚು. ಯಾವ ಹೆಂಡತಿಯಾದರೂ ಕೇಳಬಹುದಾದ ಪ್ರಶ್ನೆ ಅವಳ ಬಾಯಲ್ಲಿ ರೋಗಲಕ್ಷಣವಾಗುತ್ತದೆ. ದ್ರೌಪದಿಗೆ ಅಡುಗೆಮನೆಯಲ್ಲಿ ದೊರೆತ ಸಿಡುಕುವ ಹಕ್ಕು ಕಾವೇರಿಗೆ ಇಲ್ಲ.

ಇಲ್ಲಿ ಮೂರು ಕಟ್ಟುಪಾಡುಗಳೂ ಮುರಿದಿವೆ. ಅರಿವು ಒಮ್ಮುಖವಾಗಿದೆ, ಗಂಡನ ಗುಟ್ಟು ಗುಟ್ಟಾಗಿಯೇ ಉಳಿದಿದೆ, ಹೆಂಡತಿಯ ಗುಟ್ಟು ಮಾತ್ರ ಎಲ್ಲರ ಸೊತ್ತಾಗಿದೆ. ಅವಧಿಗೆ ಕೊನೆಯಿಲ್ಲ. ಕಳಚುವ ಅಧಿಕಾರವಂತೂ ಅವಳದಲ್ಲವೇ ಅಲ್ಲ; ಅವಳು ಯಾವಾಗ ಸ್ವಸ್ಥಳೆಂದು ತೀರ್ಮಾನಿಸುವವರು ಇತರರು. ಗಂಡನ ನಿಜ ತಿಳಿದಾಗ ಅವಳಿಗೆ ಉಳಿಯುವ ದಾರಿ ಮತ್ತೆ ಆಸ್ಪತ್ರೆಯದು. ಅಲ್ಲಿ ನಟಿಸಬೇಕಾಗಿಲ್ಲ ಎಂಬುದೇ ಮನೆಯ ಮೇಲೆ ಕಾದಂಬರಿ ಮಾಡುವ ಟೀಕೆ.

ಇಬ್ಸನ್ನನ ‘ಎ ಡಾಲ್ಸ್ ಹೌಸ್’ (1879) ನಾಟಕದ ನೋರಾಳೊಡನೆ ಕಾವೇರಿಯನ್ನು ಹೋಲಿಸಿದರೆ ಈ ಸ್ಥಿತಿಯ ಸ್ವರೂಪ ಇನ್ನಷ್ಟು ಸ್ಪಷ್ಟವಾಗುತ್ತದೆ. ನೋರಾಳೂ ಗಂಡನ ಮೆಚ್ಚಿನ ಬೊಂಬೆಯ ಪಾತ್ರವನ್ನು ವರ್ಷಗಟ್ಟಲೆ ಆಡಿದವಳೇ. ಸತ್ಯ ಹೊರಬಿದ್ದ ರಾತ್ರಿ ಅವಳು ಕುಣಿತದ ಉಡುಪನ್ನು ಬದಲಿಸಿ ಬಂದು, ಗಂಡನನ್ನು ಎದುರಿಗೆ ಕೂರಿಸಿಕೊಂಡು ಮಾತನಾಡುತ್ತಾಳೆ. ತಮ್ಮ ಮದುವೆಯಲ್ಲಿ ಅದೇ ಮೊದಲ ಗಂಭೀರ ಮಾತುಕತೆಯೆಂಬುದನ್ನು ಅವಳೇ ನೆನಪಿಸುತ್ತಾಳೆ. ಅನಂತರ ಬಾಗಿಲು ತೆರೆದು ಹೊರಡುತ್ತಾಳೆ. ವೇಷ ಕಳಚುವ ಹಕ್ಕನ್ನು ನೋರಾ ಕೈಗೆತ್ತಿಕೊಂಡಳು. ಕಾವೇರಿಗೆ ಅಂಥ ಬಾಗಿಲು ಇಲ್ಲ. ಅವಳು ಎದುರಿಗೆ ಕುಳಿತು ಆಡಬಹುದಾದ ಮಾತನ್ನು ಮಾತೆಂದು ಒಪ್ಪುವವರೇ ಇಲ್ಲ.

6

ಇಲ್ಲಿಯವರೆಗೆ ನೋಡಿದ ಕೃತಿಗಳಲ್ಲಿ ಗಂಡನು ಗಂಡನೇ, ಹೆಂಡತಿಯು ಹೆಂಡತಿಯೇ. ‘ನಾಗಮಂಡಲ’ (1988) ಈ ನೆಲೆಯನ್ನೂ ಅಲುಗಾಡಿಸುತ್ತದೆ. ಎ.ಕೆ. ರಾಮಾನುಜನ್ ಅವರಿಂದ ಕೇಳಿದ ಎರಡು ಜನಪದ ಕಥೆಗಳನ್ನು ಆಧರಿಸಿ ಕಾರ್ನಾಡರು ಬರೆದ ಈ ನಾಟಕದಲ್ಲಿ ಅಪ್ಪಣ್ಣನು ಹೆಂಡತಿ ರಾಣಿಯನ್ನು ಮನೆಯಲ್ಲಿ ಕೂಡಿಹಾಕಿ ಬೀಗ ಜಡಿದು ಸೂಳೆಯ ಮನೆಗೆ ಹೋಗುತ್ತಾನೆ. ಮಧ್ಯಾಹ್ನ ಊಟಕ್ಕೆ ಮಾತ್ರ ಬರುತ್ತಾನೆ. ಕುರುಡವ್ವ ಕೊಟ್ಟ ಬೇರಿನ ರಸವು ಗಂಡನಿಗೆ ಸೇರದೆ ಹುತ್ತಕ್ಕೆ ಸೇರಿ, ನಾಗನು ಅಪ್ಪಣ್ಣನ ರೂಪದಲ್ಲಿ ರಾತ್ರಿ ಬರತೊಡಗುತ್ತಾನೆ.

ನಮ್ಮ ಊರುಗಳಲ್ಲಿ ಮನೆಮನೆಗೆ ಬರುವ ಹಗಲುವೇಷದವರನ್ನು ಯಾರೂ ನಿಜವಾದ ರಾಮನೆಂದೋ ರಾವಣನೆಂದೋ ತಿಳಿಯುವುದಿಲ್ಲ. ‘ನಾಗಮಂಡಲ’ದಲ್ಲಿ ಹಗಲಿನವನು ವೇಷಧಾರಿಯೋ ರಾತ್ರಿಯವನು ವೇಷಧಾರಿಯೋ ಎಂಬುದೇ ತೊಡಕು. ತಾಳಿ ಕಟ್ಟಿದ ಅಪ್ಪಣ್ಣನು ಗಂಡನ ಪಾತ್ರವನ್ನು ಊಟದ ಎಲೆಯ ಮಟ್ಟಿಗೆ ಮಾತ್ರ ನಿರ್ವಹಿಸುತ್ತಾನೆ. ಕಟ್ಟದ ನಾಗನು ಮಾತು, ಮಮತೆ, ಕಾಮ ಎಲ್ಲವನ್ನೂ ಕೊಡುತ್ತಾನೆ. ಹೀಗಾಗಿ ಸೋಗು ಇಲ್ಲಿ ಬತ್ತಿದ ದಾಂಪತ್ಯಕ್ಕೆ ಜೀವ ತುಂಬಿದಂತೆ ಮೇಲುನೋಟಕ್ಕೆ ತೋರುತ್ತದೆ. ಆದರೆ ನಾಗನು ವಿಧಿಸುವ ನಿಬಂಧನೆಯನ್ನು ಮರೆಯಲಾಗದು. ರಾಣಿ ಪ್ರಶ್ನೆ ಕೇಳಕೂಡದು. ರಾತ್ರಿ ಕಂಡ ಗಾಯ ಹಗಲಿನ ಗಂಡನ ಮೈಮೇಲೆ ಇಲ್ಲದಿರುವುದು, ರಾತ್ರಿಯ ಮಾತು ಹಗಲಿಗೆ ನೆನಪಿಲ್ಲದಿರುವುದು ಅವಳನ್ನು ಕಾಡಿದರೂ ಅವಳು ಸುಮ್ಮನಿರಬೇಕು. ಬಯಲಾಟದ ಸಾರಥಿ ಕೇಳುವ ಮೊದಲ ಪ್ರಶ್ನೆಯಾದ ‘ನೀವು ಯಾರು’ ಎಂಬುದನ್ನು ಕೇಳುವ ಹಕ್ಕೇ ಅವಳಿಗಿಲ್ಲ. ಒಲವು ಎಷ್ಟೇ ಸಿಹಿಯಾಗಿದ್ದರೂ ಪ್ರಶ್ನೆಯ ನಿಷೇಧದ ಮೇಲೆ ನಿಂತಿದ್ದರೆ ಅದು ಬೀಗ ಜಡಿದ ಇನ್ನೊಂದು ಮನೆ.

ಗರ್ಭಿಣಿಯಾದ ರಾಣಿಯನ್ನು ಅಪ್ಪಣ್ಣನು ಪಂಚಾಯಿತಿಗೆ ಎಳೆದಾಗ ಅವಳು ಹುತ್ತದ ನಾಗರವನ್ನು ಹಿಡಿದು, ಗಂಡನನ್ನೂ ಈ ಸರ್ಪವನ್ನೂ ಬಿಟ್ಟು ಬೇರೆ ಗಂಡನ್ನು ಮುಟ್ಟಿಲ್ಲವೆಂದು ಪ್ರಮಾಣ ಮಾಡುತ್ತಾಳೆ. ಆ ಮಾತು ಅಕ್ಷರಶಃ ಸತ್ಯ. ಊರು ಅವಳನ್ನು ದೇವತೆಯೆಂದು ಹೊತ್ತು ಮೆರೆಸುತ್ತದೆ. ಅಲ್ಲಿಂದ ಮುಂದೆ ನಟಿಸುವ ಸರದಿ ಅಪ್ಪಣ್ಣನದು. ತಾನು ಅವಳನ್ನು ಕೂಡಿಲ್ಲವೆಂಬುದು ಅವನಿಗೆ ಗೊತ್ತು; ಹೇಳಿದರೆ ನಂಬುವವರಿಲ್ಲ. ಬೀಗ ಹಾಕಿದವನು ಈಗ ತಾನೇ ಒಂದು ಪಾತ್ರದೊಳಗೆ ಬಂಧಿ. ದೇವತೆಯ ಭಕ್ತನಾಗಿ, ತನ್ನದಲ್ಲದ ಮಗುವಿನ ತಂದೆಯಾಗಿ ಅವನು ಬದುಕಬೇಕು. ಸತ್ತ ಹಾವಿನ ಸಂಸ್ಕಾರವನ್ನು ಮಗನೇ ಮಾಡಬೇಕೆಂದು ರಾಣಿ ಕೇಳಿದಾಗ ಅವನು ಒಪ್ಪುತ್ತಾನೆ. ಆ ಬೇಡಿಕೆಯಲ್ಲಿ ಅವಳಿಗೂ ಎಲ್ಲವೂ ತಿಳಿದಿದೆ ಎಂಬ ಸೂಚನೆ ಇದೆ. ಒಪ್ಪಿಗೆಯಲ್ಲಿ ಅವನಿಗೂ ತಿಳಿದಿದೆ ಎಂಬ ಸೂಚನೆ ಇದೆ. ಮಾತಿಗೆ ಬಾರದೆ ಹೋದ ಈ ಅರಿವಿನ ಮೇಲೆ ಅವರ ಉಳಿದ ಸಂಸಾರ ಸಾಗಬೇಕು. ನಾಟಕದೊಳಗಿನ ಜ್ಯೋತಿಗಳು ಈ ಅಂತ್ಯಕ್ಕೆ ತೃಪ್ತರಾಗದೆ ಬೇರೊಂದನ್ನು ಬೇಡುವುದೂ, ಎರಡನೆಯ ಅಂತ್ಯದಲ್ಲಿ ಹಾವು ಸಾಯದೆ ರಾಣಿಯ ತುರುಬಿನಲ್ಲಿ ನೆಲೆಸುವುದೂ ಆಕಸ್ಮಿಕವಲ್ಲ. ಕಳಚದ ವೇಷ ಮನೆಯಿಂದ ಹೊರಗೆ ಹೋಗುವುದಿಲ್ಲ. ಕೂದಲಿನೊಳಗೆ ಅಡಗಿ ಉಳಿಯುತ್ತದೆ.

7

ಮೇಲಿನ ಪರಿಶೀಲನೆಯಿಂದ ಕೆಲವು ಸಂಗತಿಗಳು ಸ್ಪಷ್ಟವಾಗುತ್ತವೆ. ಮೊದಲನೆಯದಾಗಿ, ವೇಷವು ತನ್ನಷ್ಟಕ್ಕೆ ತಾನೇ ದಾಂಪತ್ಯದ ವೈರಿಯಲ್ಲ. ಅರಿವು, ಅವಧಿ, ಅಧಿಕಾರಗಳಲ್ಲಿ ಅಧಿಕಾರವೊಂದೇ ಕೈತಪ್ಪಿದಾಗಲೂ ಪಾಂಡವರ ಸಂಸಾರ ನಲುಗಿತು. ಅರಿವು ಉಳಿದಿದ್ದುದರಿಂದ ಬದುಕಿತು. ಯಶೋಧರನ ಮನೆಯಲ್ಲಿ ಅರಿವು ಒಡೆಯಿತು. ಕಾವೇರಿಯ ಮನೆಯಲ್ಲಿ ಮೂರೂ ಮುರಿದವು. ರಾಣಿಯ ಮನೆಯಲ್ಲಿ ಪ್ರಶ್ನೆ ಕೇಳುವ ಹಕ್ಕೇ ಮೊದಲಿಗೆ ಕಳೆದುಹೋಯಿತು. ಎರಡನೆಯದಾಗಿ, ಸೋಗಿಗೆ ಮೊದಲು ಬಲಿಯಾಗುವುದು ಪ್ರೀತಿಗಿಂತ ಮೊದಲು ಮಾತು. ನಾಲ್ಕೂ ಕಥೆಗಳಲ್ಲಿ ನಿರ್ಣಾಯಕ ಕ್ಷಣವೆಂದರೆ ಆಡಬೇಕಾಗಿದ್ದ ಒಂದು ಮಾತನ್ನು ಆಡಿದ ಅಥವಾ ನುಂಗಿದ ಕ್ಷಣ. ಮೂರನೆಯದಾಗಿ, ನಟಿಸುವ ಹೊರೆ ಇಬ್ಬರ ಮೇಲೂ ಸಮನಾಗಿ ಬೀಳುವುದಿಲ್ಲ. ಯಶೋಧರನು ಬೇಕೆಂದಾಗ ತಪಸ್ಸಿಗೆ ಹೊರಡಬಲ್ಲ, ಸತೀಶನು ಮನೆಯಿಂದ ಹೊರಗೆ ನೆಮ್ಮದಿ ಹುಡುಕಬಲ್ಲ. ಕಾವೇರಿಗೆ ಉಳಿಯುವುದು ಆಸ್ಪತ್ರೆ, ರಾಣಿಗೆ ಉಳಿಯುವುದು ದೇವತೆಯ ಪೀಠ. ಎರಡೂ ಕಡೆ ಅವಳು ಸಾಮಾನ್ಯ ಹೆಂಗಸಾಗಿರುವಂತಿಲ್ಲ.

ಈ ಕೃತಿಗಳನ್ನು ಪಾಠ ಹೇಳುವವರಿಗೆ ಇಲ್ಲಿ ಒಂದು ಜವಾಬ್ದಾರಿಯೂ ಇದೆ. ‘ಯಶೋಧರ ಚರಿತೆ’ಯ ಪಾಠವು ಹೆಣ್ಣಿನ ಮನಸ್ಸು ನಂಬಲರ್ಹವಲ್ಲವೆಂಬ ತೀರ್ಪಿನಲ್ಲಿ, ‘ಶರಪಂಜರ’ದ ಪಾಠವು ಪಾಪ ಆಕೆ ಎಂಬ ಅನುಕಂಪದಲ್ಲಿ ಮುಗಿದುಹೋಗುವುದು ಸುಲಭ. ತರಗತಿಯಲ್ಲಿ ಕುಳಿತಿರುವ ಮಧುಗಿರಿ, ಪಾವಗಡ, ಕೊರಟಗೆರೆ, ಸಿರಾಗಳ ಹಳ್ಳಿಯ ವಿದ್ಯಾರ್ಥಿನಿಯರಲ್ಲಿ ಹಲವರಿಗೆ ಮದುವೆಯ ದಿನ ಸಿಗುವ ಬುದ್ಧಿಮಾತು ‘ಹೊಂದಿಕೊಂಡು ಹೋಗು’ ಎಂಬುದು. ಆ ಮಾತಿನಲ್ಲಿ ಹಿರಿಯರ ಅಕ್ಕರೆ ಇದ್ದೇ ಇದೆ. ಆದರೆ ಹೊಂದಿಕೊಳ್ಳುವುದು ಎಲ್ಲಿ ಮುಗಿದು ನಟಿಸುವುದು ಎಲ್ಲಿ ಆರಂಭವಾಗುತ್ತದೆ ಎಂಬುದನ್ನು ಅದು ಹೇಳಿಕೊಡುವುದಿಲ್ಲ. ಆ ಗೆರೆಯನ್ನು ತೋರಿಸಿಕೊಡುವ ಶಕ್ತಿ ಈ ಕಥನಗಳಿಗಿದೆ. ಹೊಂದಿಕೆಯಲ್ಲಿ ಇಬ್ಬರೂ ಸರಿಯುತ್ತಾರೆ, ಇಬ್ಬರಿಗೂ ಅದು ಗೊತ್ತಿರುತ್ತದೆ. ಸೋಗಿನಲ್ಲಿ ಒಬ್ಬರು ಮಾತ್ರ ಸರಿಯುತ್ತ ಹೋಗಿ ಕೊನೆಗೆ ತಾವೇ ಇಲ್ಲವಾಗುತ್ತಾರೆ.

ಬಯಲಾಟವು ಮಂಗಳದ ಹಾಡಿಲ್ಲದೆ ಮುಗಿಯುವುದಿಲ್ಲ. ಸಂಸಾರದ ಸೋಗಿಗೆ ಮಂಗಳ ಹಾಡುವ ಭಾಗವತನಿಲ್ಲ. ಆ ಕೆಲಸವನ್ನು ಗಂಡ ಹೆಂಡಿರು ತಾವೇ, ಯಾವುದಾದರೊಂದು ಅಡುಗೆಮನೆಯಲ್ಲಿ, ಮಾತಿನ ಮೂಲಕ ಮಾಡಿಕೊಳ್ಳಬೇಕಾಗುತ್ತದೆ. ಕುಮಾರವ್ಯಾಸನ ದ್ರೌಪದಿ ಅದನ್ನು ಮಾಡಿದಳು. ಜನ್ನನ ಯಶೋಧರನು ಮಾಡಲಿಲ್ಲ.